ಐದು ನಿಮಿಷಕ್ಕೆ ಮರೆತುಹೋಗುವ ಅಕ್ಷರಗಳು

ಮಾವನಿಗೆ ಹೇಳದೆ ಅವರ ಕಂಪ್ಯೂಟರ್ ಬಿಚ್ಚಿದ್ದು ತಪ್ಪು. ಇದನ್ನ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಯಾಕಂದ್ರೆ ಮಾವನೂ ಈ ಅಂಕಣ ಓದ್ತಾರೆ, ಓದಿ ಅಮ್ಮನಿಗೆ ಫೋನ್ ಮಾಡ್ತಾರೆ.

ಕಂಪ್ಯೂಟರ್ ಅಂದ ತಕ್ಷಣ ದೊಡ್ಡ ಡಬ್ಬ ನೆನಪಿಸಿಕೊಳ್ಳಬೇಡಿ. ಒಂದು ದಪ್ಪ ಕಾದಂಬರಿಯಷ್ಟು ಗಾತ್ರ, ಕಪ್ಪು ಬಣ್ಣ, ಬೂದು ರಬ್ಬರ್ ಕೀಗಳು, ಮೂಲೆಯಲ್ಲಿ ಕಾಮನಬಿಲ್ಲಿನ ಓರೆ ಪಟ್ಟಿ. ಝಡ್‌ಎಕ್ಸ್ ಸ್ಪೆಕ್ಟ್ರಮ್. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರ ಏಪ್ರಿಲ್‌ನಲ್ಲಿ ಬಿಟ್ಟಿದ್ದು. ಪರದೆ ಇಲ್ಲ, ಮನೆಯ ಟಿವಿಗೇ ಸಿಕ್ಕಿಸಬೇಕು. ಡಿಸ್ಕ್ ಇಲ್ಲ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಪ್ರೋಗ್ರಾಮ್ ಲೋಡ್ ಮಾಡಬೇಕು. ಎರಡು ಮಾದರಿ ಇತ್ತು: 16ಕೆ ಮೆಮೊರಿಯದ್ದು 125 ಪೌಂಡ್, 48ಕೆಯದ್ದು 175 ಪೌಂಡ್. ಹೌದು, ಕೆ. ಎಂಬಿಯೂ ಅಲ್ಲ, ಜಿಬಿಯೂ ಅಲ್ಲ. ನೀವು ಬೆಳಿಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಫಾರ್ವರ್ಡ್ ಮಾಡಿದ ಶುಭೋದಯದ ಹೂವಿನ ಚಿತ್ರ ಅದರೊಳಗೆ ಹಿಡಿಸೋದಿಲ್ಲ.

ಮಾವ 1983ರ ಕೊನೆಯಲ್ಲಿ ಆರು ತಿಂಗಳ ತರಬೇತಿಗೆ ಅಂತ ಅಲ್ಲಿಗೆ ಹೋಗಿದ್ರು. ಆ ಹೊತ್ತಿಗೆ ಬೆಲೆ ಒಂದಿಷ್ಟು ಇಳಿದಿತ್ತು. ಆದರೂ ಕೈಯಲ್ಲಿದ್ದ ದುಡ್ಡಿಗೆ 16ಕೆಯದ್ದೇ ಬಂತು. ಉಳಿದ ಚಿಲ್ಲರೆಯಲ್ಲಿ ಅಮ್ಮನಿಗೆ ಒಂದು ಸ್ವೆಟರ್ ತಂದರು. ಆ ಸ್ವೆಟರ್ ಇನ್ನೂ ಇದೆ. ಡಿಸೆಂಬರಿನಲ್ಲಿ ಅಮ್ಮ ಹಾಕ್ಕೊಂಡು ವಾಕಿಂಗ್ ಹೋಗ್ತಾರೆ, ಯಾವ ಅಪ್‌ಗ್ರೇಡೂ ಬೇಕಾಗಿಲ್ಲ.

ಮೈಸೂರಿಗೆ ವಾಪಸಾದ ಮೇಲೆ ಮಾವ ಆ ಮೆಷಿನ್ನಿನಲ್ಲಿ ಗೇಮ್ ಆಡಲಿಲ್ಲ. ಕನ್ನಡ ಅಕ್ಷರ ಬರೆಸೋಕೆ ಕೂತರು.

ಈಗ ಕೀಬೋರ್ಡ್ ಬದಲಿಸಿದರೆ ಕನ್ನಡ ಬರುತ್ತೆ, ಅದರ ಬಗ್ಗೆ ಯೋಚನೆಯೇ ಮಾಡಲ್ಲ. ಸ್ಪೆಕ್ಟ್ರಮ್‌ನಲ್ಲಿ ನಮ್ಮದೇ ಅಕ್ಷರ ಮಾಡಿಕೊಳ್ಳೋಕೆ 21 ಜಾಗ ಕೊಟ್ಟಿದ್ರು, ಒಂದೊಂದಕ್ಕೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ಇಂಗ್ಲಿಷಿನ ಎ, ಬಿ, ಸಿಗೆ ಎಂಟು ಸಾಕು. ನಮ್ಮ ‘ಘ’ವನ್ನೋ ‘ಝ’ವನ್ನೋ ಎಂಟು ಚುಕ್ಕೆಯಲ್ಲಿ ಬರೆದು ನೋಡಿ, ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತೆ. ಹಾಗಾಗಿ ಮಾವ ಹದಿನಾರಕ್ಕೆ ಹದಿನಾರರ ಮನೆ ಮಾಡಿಕೊಂಡರು. ಒಂದು ಅಕ್ಷರಕ್ಕೆ 32 ಬೈಟ್. ವ್ಯಂಜನ 34, ಒಂದೊಂದಕ್ಕೆ 12 ಗುಣಿತದ ರೂಪ, ಅಲ್ಲಿಗೆ 408 ಚಿತ್ರ. ಸ್ವರ, ಒತ್ತು ಎಲ್ಲ ಸೇರಿದರೆ ಹದಿನಾಲ್ಕೂವರೆ ಸಾವಿರ ಬೈಟ್. 16ಕೆ ಮೆಷಿನ್ನಿನಲ್ಲಿ ಪರದೆಯ ಪಾಲು ಕಳೆದು ನಮಗೆ ಸಿಗೋದು ಸುಮಾರು ಒಂಬತ್ತು ಸಾವಿರ. ಅದರಲ್ಲೇ ಪ್ರೋಗ್ರಾಮೂ ಇರಬೇಕು.

ಮಾವನಿಗೆ ಈ ಲೆಕ್ಕ ಗೊತ್ತಿತ್ತು, ಆದರೂ ಆದಷ್ಟು ಮಾಡೋಣ ಅಂತ ಹೊರಟರು. ಕ ವರ್ಗ, ಚ ವರ್ಗ, ಟ ವರ್ಗ ಮುಗೀತು. ‘ಣ’ ಆದ ಮೇಲೆ ಇನ್ನೂ ಜಾಗ ಕೇಳಿದರೆ ಮೆಷಿನ್ ‘ಎಂ ರ‍್ಯಾಮ್‌ಟಾಪ್ ನೋ ಗುಡ್’ ಅಂತ ಒಂದು ಸಾಲು ತೋರಿಸಿ ನಿಂತುಬಿಡ್ತು. ಅಂದ್ರೆ ‘ಕನ್ನಡ’ ಅಂತ ಬರೆಯೋಕೇ ಆಗಲಿಲ್ಲ. ಕ ಇತ್ತು, ಡ ಇತ್ತು, ಮಧ್ಯದ ‘ನ್ನ’ ಇರಲಿಲ್ಲ.

‘ತ’ದಿಂದ ‘ಳ’ದವರೆಗಿನ 19 ವ್ಯಂಜನ, ಅವುಗಳ ಗುಣಿತ, ಒತ್ತು ಎಲ್ಲವನ್ನೂ ಮಾವ ಗ್ರಾಫ್ ಪುಸ್ತಕದಲ್ಲಿ ಪೆನ್ಸಿಲಿನಿಂದ ತುಂಬಿಸಿಟ್ಟಿದ್ರು. ಮೆಮೊರಿ ಹಾಕಿಸಿದ ಮೇಲೆ ಸೇರಿಸೋಣ ಅಂತ. ಹಾಕಿಸಲಿಲ್ಲ. ಮಕ್ಕಳು, ಸೈಟು, ಅಜ್ಜಿಯ ಆಪರೇಷನ್ನು. ಮೆಷಿನ್ ಅಟ್ಟ ಸೇರಿತು. ಎರಡು ವರ್ಷದ ಹಿಂದೆ ಮನೆ ಖಾಲಿ ಮಾಡುವಾಗ ಪುಸ್ತಕದ ಸಮೇತ ನನಗೆ ಕೊಟ್ಟು ಒಂದೇ ಮಾತು ಹೇಳಿದ್ರು: “ಇಟ್ಕೋ. ಬಿಚ್ಚೋಕೆ ಹೋಗ್ಬೇಡ.”

ಮೊನ್ನೆ ದೀಪಾವಳಿಗೆ ಮುಂಚೆ ಅವರಿಗೆ ಬೈಪಾಸ್ ಆಯ್ತು. ಚೆಕಪ್‌ಗೆ ಅಂತ ಬೆಂಗಳೂರಿಗೆ ಬಂದು ಹತ್ತು ದಿನ ನಮ್ಮನೇಲಿ ಇರೋದು ಅಂತಾಯ್ತು. ಅಷ್ಟರೊಳಗೆ 48ಕೆ ಮಾಡಿ, ಇಡೀ ವರ್ಣಮಾಲೆ ಹಾಕಿ, ಟಿವಿಯಲ್ಲಿ ‘ಕನ್ನಡ’ ಅಂತ ತೋರಿಸಿಬಿಡೋಣ ಅಂತ ನನ್ನ ಆಸೆ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದ್ದೀನಿ ಅನ್ನೋ ಧೈರ್ಯ ಬೇರೆ. ಸೋಲ್ಡರಿಂಗ್ ಐರನ್ ಹಿಡಿದಿದ್ದು ಐದನೇ ಸೆಮಿಸ್ಟರ್ ಲ್ಯಾಬಿನಲ್ಲಿ, ಅನ್ನೋದು ಆಗ ನೆನಪಿಗೆ ಬರಲಿಲ್ಲ.

ಕೆಲಸ ಕೇಳೋಕೆ ಸುಲಭ. ಬೋರ್ಡಿನಲ್ಲಿ ಎಂಟು ಮೆಮೊರಿ ಚಿಪ್‌ಗೂ ನಾಲ್ಕು ಸಣ್ಣ ಲಾಜಿಕ್ ಚಿಪ್‌ಗೂ ಜಾಗ ಖಾಲಿ ಬಿಟ್ಟಿರ್ತಾರೆ. ಸಾಕೆಟ್ ಕೂರಿಸಿ, ಚಿಪ್ ಒತ್ತಿ, ಒಂದು ಚಿಕ್ಕ ತಂತಿಯ ಲಿಂಕ್ ಹಾಕಿದರೆ ಮುಗೀತು. ಈ ಲಿಂಕಿನ ಹಿಂದೆ ಒಂದು ಮಜಾ ಕಥೆ ಇದೆ. ಆಗ 64ಕೆ ಚಿಪ್‌ಗಳು ದುಬಾರಿ. ತಯಾರಿಕೆಯಲ್ಲಿ ಅರ್ಧ ಕೆಟ್ಟು ಅರ್ಧ ಚೆನ್ನಾಗಿದ್ದ 64ಕೆ ಚಿಪ್‌ಗಳನ್ನ ಕಂಪನಿಗಳು 32ಕೆ ಅಂತ ಕಮ್ಮಿ ಬೆಲೆಗೆ ಮಾರ್ತಿದ್ವು. ಸಿಂಕ್ಲೇರ್ ಅವನ್ನೇ ಕೊಂಡು ಬಳಸಿತು. ಯಾವ ಅರ್ಧ ಒಳ್ಳೇದು ಅಂತ ಮೆಷಿನ್ನಿಗೆ ಹೇಳೋದೇ ಆ ತಂತಿಯ ಕೆಲಸ. ಹುಳುಕು ಬದನೆಕಾಯಿಯಲ್ಲಿ ಹುಳುಕು ಕತ್ತರಿಸಿ ಪಲ್ಯ ಮಾಡಿದ ಹಾಗೆ. ನನಗೆ ಇದು ಕಳಪೆ ಅನ್ನಿಸಲ್ಲ, ಜಾಣತನ ಅನ್ನಿಸುತ್ತೆ.

ಆ ಅರ್ಧ ಚಿಪ್‌ಗಳು ಈಗ ಸಿಗೋದು ಕಷ್ಟ. ಬದಲಿಗೆ ಪೂರ್ತಿ ಚೆನ್ನಾಗಿರೋ 4164 ಅನ್ನೋ 64ಕೆ ಚಿಪ್ ಹಾಕ್ತಾರೆ. ಎರಡೂ ಅರ್ಧ ಸರಿ ಇರೋದ್ರಿಂದ ಲಿಂಕ್ ಎಲ್ಲಿ ಹಾಕಿದ್ರೂ ನಡೆಯುತ್ತೆ ಅನ್ನೋದು ಎಲ್ಲರೂ ಹೇಳೋ ಮಾತು. ನಾನೂ ನಂಬಿದೆ. ಈ ಸಾಲನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಅಲೆದೆ. ಎಲ್ಲ ಅಂಗಡಿಯಲ್ಲೂ ಎಲ್‌ಇಡಿ ಪಟ್ಟಿ, ಸಿಸಿಟಿವಿ, ಚಾರ್ಜರು. ಕೊನೆಗೆ ಒಂದು ಓಣಿಯ ಒಳಗೆ, ಎರಡು ಜನ ನಿಂತರೆ ತುಂಬಿಹೋಗುವ ಅಂಗಡಿಯಲ್ಲಿ, ಅಂಗಡಿಯವರು ಏಣಿ ಹತ್ತಿ ಒಂದು ಬಿಸ್ಕತ್ ಡಬ್ಬ ಇಳಿಸಿದರು. “ನಮ್ಮ ತಂದೆ ಕಾಲದ್ದು ಸಾರ್, ಯಾರೂ ಕೇಳಲ್ಲ.” ಒಂಬತ್ತು ಚಿಪ್ ಎಣಿಸಿ ಕೊಟ್ಟರು, ಒಂದು ಸ್ಪೇರ್ ಇರಲಿ ಅಂತ. ಮೇಲೆ ನಂಬರ್ ಓದಿದೆ, ಸರಿ ಇತ್ತು. ಯಾವ ಕಂಪನಿಯದ್ದು, ಅದರ ಡೇಟಾಶೀಟ್ ಏನು ಹೇಳುತ್ತೆ ಅಂತ ನೋಡಲಿಲ್ಲ. ಆಫೀಸಿನಲ್ಲಿ ಜೂನಿಯರ್‌ಗಳಿಗೆ “ಮೊದಲು ಡಾಕ್ಯುಮೆಂಟೇಶನ್ ಓದ್ರಪ್ಪ” ಅಂತ ದಿನಾ ಹೇಳೋನು ನಾನೇ.

ಶನಿವಾರ ರಾತ್ರಿ ಹನ್ನೆರಡು ಸಾಕೆಟ್ ಬೆಸುಗೆ ಹಾಕೋ ಹೊತ್ತಿಗೆ ಒಂದೂವರೆ ಗಂಟೆ. ಚಿಪ್ ಹಾಕಿ ಕರೆಂಟ್ ಕೊಟ್ಟೆ. ಟಿವಿ ಒಂದು ಕ್ಷಣ ಕಪ್ಪಾಗಿ, ಬೆಳ್ಳಗಾಗಿ, ಕೆಳಗೆ 1982ರ ಕಾಪಿರೈಟ್ ಸಾಲು ಬಂತು.

ಆ ಒಂದು ಕ್ಷಣದ ಕಪ್ಪಿನಲ್ಲಿ ಮೆಷಿನ್ ತನ್ನ ಮೆಮೊರಿಯನ್ನ ತಾನೇ ಪರೀಕ್ಷೆ ಮಾಡಿಕೊಳ್ಳುತ್ತೆ. ಮೇಲಿನ ತುದಿಯಿಂದ ಕೆಳಗಿನವರೆಗೆ ಪ್ರತಿ ಮನೆಯಲ್ಲೂ 2 ಅನ್ನೋ ಸಂಖ್ಯೆ ತುಂಬುತ್ತೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಬರ್ತಾ ಒಂದೊಂದರಲ್ಲೂ ಒಂದು ಕಳೆದು, ಇನ್ನೊಂದು ಕಳೆದು, ಸೊನ್ನೆ ಬಂತಾ ನೋಡುತ್ತೆ. ಎಲ್ಲಿ ಲೆಕ್ಕ ತಪ್ಪುತ್ತೋ ಅಲ್ಲಿಗೆ ಮೆಮೊರಿ ಮುಗೀತು ಅಂತ ಗುರುತು ಹಾಕಿಕೊಂಡು, ಆ ವಿಳಾಸವನ್ನ 23732, 23733ನೇ ಮನೆಗಳಲ್ಲಿ ಬರೆದಿಡುತ್ತೆ. ಅದನ್ನ ಪೀಕ್ ಮಾಡಿ ನೋಡಿದರೆ 48ಕೆಗೆ 65535 ಬರಬೇಕು, 16ಕೆಗೆ 32767.

ನನಗೆ ಬಂದಿದ್ದು 32767. ಹನ್ನೆರಡು ಚಿಪ್ ಹಾಕಿದ್ದಕ್ಕೆ ಮೆಷಿನ್ ಕ್ಯಾರೇ ಅನ್ನಲಿಲ್ಲ.

ಅದು ಸಣ್ಣ ತಪ್ಪು, ಬೆಳಿಗ್ಗೆ ಸಿಕ್ಕಿತು. ಒಂದು ಚಿಪ್ಪಿನ ಕಾಲು ಸಾಕೆಟ್ಟಿನೊಳಗೆ ಹೋಗದೆ ಹೊಟ್ಟೆಯ ಕೆಳಗೆ ಮಡಚಿಕೊಂಡಿತ್ತು. ಮೇಲಿಂದ ನೋಡಿದರೆ ಕಾಣಲ್ಲ, ಓರೆಯಾಗಿ ಟಾರ್ಚ್ ಹಿಡಿದರೆ ಕಾಣುತ್ತೆ. ನೇರ ಮಾಡಿ ಒತ್ತಿದೆ. 65535! ಬೆಳಿಗ್ಗೆ ಎಂಟಕ್ಕೆ ಮನೆಯಲ್ಲಿ ಕೂಗಾಡಿದ್ದಕ್ಕೆ ಅಮ್ಮ ಏನಾಯ್ತೋ ಅಂತ ಅಡುಗೆಮನೆಯಿಂದ ಸೌಟು ಹಿಡ್ಕೊಂಡೇ ಓಡಿಬಂದ್ರು.

ಆಮೇಲೆ ಮೂರು ವಾರ ಆಫೀಸ್ ಮುಗಿಸಿ ಬಂದು ಮಾವನ ಗ್ರಾಫ್ ಪುಸ್ತಕವನ್ನ ಲ್ಯಾಪ್‌ಟಾಪಿಗೆ ಇಳಿಸಿದೆ. ಒಂದೊಂದು ಮನೆ ನೋಡಿ ಟೈಪ್ ಮಾಡಬೇಕು. ಫೋಟೊ ತೆಗೆದು ಸಾಫ್ಟ್‌ವೇರಿಗೆ ಕೊಟ್ಟು ನೋಡಿದೆ, ಮಾಸಿದ ಪೆನ್ಸಿಲ್ ಗೆರೆಯನ್ನೆಲ್ಲ ಅದು ಕಲೆ ಅಂದುಕೊಳ್ತು. ಮಾವ ಅಂಚಿನಲ್ಲಿ ಬರೆದ ಟಿಪ್ಪಣಿಗಳೇ ಒಂದು ಓದು. “ಡೇಟಾ ಸಾಲು ಬೇಡ, ಜಾಗ ತಿನ್ನುತ್ತೆ” ಅಂತ ಒಂದು ಕಡೆ. ನಿಜ. ಸ್ಪೆಕ್ಟ್ರಮ್ ಬೇಸಿಕ್‌ನಲ್ಲಿ ನೀವು ಬರೆದ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಕಣ್ಣಿಗೆ ಕಾಣದ ಆರು ಬೈಟ್ ಕೂತಿರುತ್ತೆ. ಇನ್ನೊಂದು ಕಡೆ “ಹಾಲು 2 ಲೀ.”

ಎಲ್ಲ ಸೇರಿಸಿ, ಟೇಪಿನ ಸದ್ದಿಗೆ ಬದಲಿಸಿ, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಸ್ಪೆಕ್ಟ್ರಮ್ಮಿನ ಕಿವಿಗೆ ವೈರ್ ಕೊಟ್ಟೆ. ಕೀರಲು ಸದ್ದು, ಟಿವಿ ಅಂಚಿನಲ್ಲಿ ನೀಲಿ–ಹಳದಿ ಗೆರೆಗಳ ಓಟ. ಲೋಡ್ ಆಯ್ತು. ‘ಕನ್ನಡ’ ಅಂತ ಬರೆಸಿದೆ. ಬಂತು. ಫೋಟೊ ತೆಗೆದೆ. ಮಾವ ಬರೋಕೆ ಇನ್ನೂ ಒಂಬತ್ತು ದಿನ.

ಕಾಫಿ ಮಾಡಿಕೊಂಡು ಬಂದು ಮತ್ತೆ ಅದೇ ಪದ ಬರೆಸಿದೆ. ‘ನ’ದ ತಲೆಕಟ್ಟು ಹರಿದುಹೋಗಿತ್ತು. ಒತ್ತಕ್ಷರದ ಜಾಗದಲ್ಲಿ ಚುಕ್ಕೆ ಚೆಲ್ಲಿತ್ತು. ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೂ ಹಾಳು, ಗೆದ್ದಲು ತಿಂದ ಹಲಗೆ ಥರ.

ಹೊಟ್ಟೆಯೊಳಗೆ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ಆನ್ ಮಾಡಿದಾಗಿನ ಪರೀಕ್ಷೆಯಲ್ಲಿ ಪಾಸ್. ಲೋಡ್ ಆದ ಕೂಡಲೇ ಎಲ್ಲ ಸರಿ. ಬಿಸಿಯಾಗ್ತಾ ಬಂದ ಹಾಗೆ ಮರೆತುಹೋಗುತ್ತೆ.

ಮೊದಲು ಹೆದರಿದ್ದು ಹಳೇ ಮೆಮೊರಿಗೆ ಏನಾದ್ರೂ ಮಾಡಿಬಿಟ್ಟೆನಾ ಅಂತ. ಕೆಳಗಿನ 16ಕೆಯ ಚಿಪ್‌ಗಳು 4116 ಜಾತಿಯವು, ಅವಕ್ಕೆ 5, 12 ಮತ್ತು ಮೈನಸ್ 5 ಹೀಗೆ ಮೂರು ಥರದ ವೋಲ್ಟೇಜ್ ಬೇಕು. ಮೈನಸ್ 5 ಕೈಕೊಟ್ಟರೆ ಚಿಪ್‌ಗಳು ಸುಟ್ಟೇಹೋಗ್ತವೆ. ಮಲ್ಟಿಮೀಟರ್ ಹಿಡಿದು ಮೂರೂ ನೋಡಿದೆ, ಸರಿ ಇದ್ವು. ಆಮೇಲೆ ಬೆರಳಿಟ್ಟು ಯಾವ ಚಿಪ್ ಜಾಸ್ತಿ ಬಿಸಿ ಅಂತ ನೋಡೋದು. ಎಲ್ಲ ಒಂದೇ ಸಮ ಬೆಚ್ಚಗೆ. ಬೆಸುಗೆ ಎಲ್ಲ ಇನ್ನೊಮ್ಮೆ ಕಾಯಿಸಿದೆ. ಸ್ಪೇರ್ ಚಿಪ್ಪನ್ನ ಒಂದೊಂದರ ಜಾಗಕ್ಕೂ ಹಾಕಿ ನೋಡಿದೆ. ಎಂಟು ಸಲ ಬಿಚ್ಚಿ ಹಾಕಿದ್ದಕ್ಕೆ ಒಂದು ಕಾಲು ಮುರಿಯಿತು. ಈಗ ಸ್ಪೇರೂ ಇಲ್ಲ. ಎಲ್ಲಕ್ಕಿಂತ ಬೇಜಾರಾಗಿದ್ದು ಏನಂದ್ರೆ, ಇದರಲ್ಲಿ ಲಾಗ್ ಇಲ್ಲ. ಆಫೀಸಿನ ಸರ್ವರ್ ಬಿದ್ದರೆ ಹತ್ತು ಸಾವಿರ ಸಾಲು ಲಾಗ್ ಬರುತ್ತೆ, ಓದೋಕಾಗದಷ್ಟು. ಇಲ್ಲಿ ಬರೀ ಹರಿದ ‘ನ’.

ನಾಲ್ಕನೇ ದಿನ ಮಾವನೇ ಫೋನ್ ಮಾಡಿದ್ರು, ಚೆಕಪ್ ಟೈಮ್ ಕೇಳೋಕೆ. ನನ್ನ ದನಿಯಲ್ಲೇ ಏನೋ ಗೊತ್ತಾಯ್ತು ಅನ್ಸುತ್ತೆ.

“ಏನೋ, ಸಪ್ಪಗಿದ್ದೀಯ?”

ಸುಳ್ಳು ಹೇಳೋಕೆ ಆಗಲಿಲ್ಲ. “ಮಾವ, ನಿಮ್ಮ ಸ್ಪೆಕ್ಟ್ರಮ್ ಬಿಚ್ಚಿದೆ. 48ಕೆ ಮಾಡೋಣ ಅಂತ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬೈಪಾಸ್ ಆದೋರಿಗೆ ಹೀಗೆ ಹೇಳಬಾರದಿತ್ತೇನೋ ಅಂತ ಆಗ ಹೊಳೀತು.

“ಕೇಳ್ಬೇಕಿತ್ತು ಕಣೋ,” ಅಂದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. “ನಲವತ್ತು ವರ್ಷ ಒಂದು ಸ್ಕ್ರೂ ತಿರುಗಿಸಿರಲಿಲ್ಲ ನಾನು.”

“ತಪ್ಪಾಯ್ತು ಮಾವ.”

ಇನ್ನೊಂದು ಸ್ವಲ್ಪ ಮೌನ. ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಎದ್ದು ಕೂತರು. “ಸರಿ, ಏನಾಗ್ತಿದೆ ಹೇಳು. ಎಲ್ಲಾ ಅಕ್ಷರ ಕೆಡುತ್ತೋ, ಕೆಲವು ಮಾತ್ರವೋ? ಪ್ರತಿ ಸಲ ಅವೇನಾ?”

ನೋಡಿರಲಿಲ್ಲ. ನಾಲ್ಕು ದಿನದಿಂದ ‘ಕನ್ನಡ’ ಅನ್ನೋ ಒಂದೇ ಪದ ಬರೆಸಿ ಬರೆಸಿ ತಲೆ ಚಚ್ಚಿಕೊಳ್ತಿದ್ದೆ.

“ಮೊದಲು ಅದನ್ನ ನೋಡು. ಚಿಪ್ ಕೀಳೋದು ಆಮೇಲೆ,” ಅಂದು ಫೋನ್ ಇಟ್ಟರು.

ಆ ರಾತ್ರಿ ಸರಿಯಾದ ಪರೀಕ್ಷೆ ಬರೆದೆ. 32768ರಿಂದ 65535ರವರೆಗೆ ಎಲ್ಲ ಮನೆಯಲ್ಲೂ ಒಂದು ಗೊತ್ತಿರೋ ಸಂಖ್ಯೆ ಪೋಕ್ ಮಾಡೋದು. ಬೇಸಿಕ್‌ನಲ್ಲಿ ಇಷ್ಟಕ್ಕೇ ಐದಾರು ನಿಮಿಷ ಬೇಕು. ಆಮೇಲೆ ‘ಪಾಸ್ 15000’. ಸ್ಪೆಕ್ಟ್ರಮ್ ಸೆಕೆಂಡಿಗೆ 50ರ ಲೆಕ್ಕದಲ್ಲಿ ಕಾಯುತ್ತೆ, ಅಂದ್ರೆ ಸರಿಯಾಗಿ ಐದು ನಿಮಿಷ ಸುಮ್ಮನೆ ಕೂರೋದು. ಆಮೇಲೆ ಓದಿ, ಬದಲಾದ ಮನೆಗಳ ವಿಳಾಸ ಮತ್ತು ಸಂಖ್ಯೆ ತೋರಿಸೋದು. ಈ ನಡುವಿನ ಕಾಯೋದು ಮುಖ್ಯ. ಆನ್ ಮಾಡಿದಾಗಿನ ಪರೀಕ್ಷೆ ಬರೆದ ಕೂಡಲೇ ಓದಿಬಿಡುತ್ತೆ. ಮರೆಯೋಕೆ ಟೈಮೇ ಕೊಡಲ್ಲ.

ಎರಡು ವಿಷಯ ಕಂಡಿತು.

ಈ ಮೆಷಿನ್ನಿನಲ್ಲಿ ಎಂಟು ಚಿಪ್ ಅಂದ್ರೆ ಒಂದೊಂದು ಚಿಪ್ ಒಂದೊಂದು ಬಿಟ್ಟಿನ ಜವಾಬ್ದಾರಿ ಹೊತ್ತಿರುತ್ತೆ. ಒಂದು ಚಿಪ್ ಕೆಟ್ಟಿದ್ರೆ ಎಲ್ಲ ಕಡೆ ಅದೇ ಬಿಟ್ ಕೆಡಬೇಕು. ನನಗೆ ಕಂಡಿದ್ದು ಹಾಗಲ್ಲ, ಎಂಟೂ ಬಿಟ್‌ಗಳಲ್ಲಿ ತಪ್ಪು. ಎಂಟು ಚಿಪ್ ಒಟ್ಟಿಗೆ ಕೆಡೋದು ಅಂದ್ರೆ ನಂಬೋ ಮಾತಲ್ಲ. ಹಾಗಾದ್ರೆ ಚಿಪ್ ಕೆಟ್ಟಿಲ್ಲ. ನಾಲ್ಕು ದಿನ ಚಿಪ್ ಬದಲಿಸಿದ್ದೆಲ್ಲ ವ್ಯರ್ಥ, ಜೊತೆಗೆ ಒಂದನ್ನ ಕೊಂದೂ ಹಾಕಿದ್ದೆ.

ಎರಡನೇದು, ಕೆಟ್ಟ ವಿಳಾಸಗಳನ್ನ ಬೈನರಿಗೆ ಬದಲಿಸಿ ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದೆ. ಎಲ್ಲದರಲ್ಲೂ ಒಂದು ಬಿಟ್ ಮಾತ್ರ ತಪ್ಪದೆ 1. ಆ ಬಿಟ್ ಸೊನ್ನೆ ಇರೋ ಕಡೆ ಒಂದೇ ಒಂದು ತಪ್ಪಿಲ್ಲ. 1 ಇರೋ ಅರ್ಧದಲ್ಲೂ ಅಲ್ಲಲ್ಲಿ ಕೆಲವು ಮನೆ ಹೇಗೋ ಬದುಕಿದ್ವು.

ಹಾಳೆ ನೋಡ್ತಾ ಕೂತಾಗ ಇಂಜಿನಿಯರಿಂಗ್‌ನಲ್ಲಿ ಪರೀಕ್ಷೆಗೆ ಅಂತ ಉರುಹೊಡೆದ ಒಂದು ಪದ ಎದ್ದು ಬಂತು: ರಿಫ್ರೆಶ್.

ಇಂಥ ಮೆಮೊರಿ ಚಿಪ್ಪಿನಲ್ಲಿ ಒಂದೊಂದು ಬಿಟ್ಟೂ ಒಂದು ತೂತು ಬಿಂದಿಗೆ. ತುಂಬಿಸಿದ ವಿದ್ಯುತ್ತು ನಿಧಾನಕ್ಕೆ ಸೋರಿಹೋಗುತ್ತೆ. ಬಿಸಿಯಾದಷ್ಟೂ ಸೋರೋದು ಜಾಸ್ತಿ. ಹಾಗಾಗಿ ಮತ್ತೆ ಮತ್ತೆ ತುಂಬಿಸ್ತಾ ಇರಬೇಕು. 64ಕೆ ಚಿಪ್ಪಿನಲ್ಲಿ ಬಿಂದಿಗೆಗಳನ್ನ ಸಾಲುಸಾಲಾಗಿ ಇಟ್ಟಿರ್ತಾರೆ. ಒಂದು ಸಾಲನ್ನ ಕರೆದರೆ ಸಾಕು, ಆ ಸಾಲು ಪೂರ್ತಿ ತುಂಬಿಕೊಳ್ಳುತ್ತೆ. ಸ್ಪೆಕ್ಟ್ರಮ್ಮಿನ ಝಡ್80 ಪ್ರೊಸೆಸರ್ ಈ ಕೆಲಸವನ್ನ ತಾನೇ ಮಾಡುತ್ತೆ, ಪ್ರತಿ ಆಜ್ಞೆ ಓದಿದ ಬೆನ್ನಿಗೇ ಒಂದು ಸಾಲಿನ ನಂಬರ್ ಕೂಗುತ್ತೆ. ಹಾಜರಿ ಕರೆಯೋ ಮೇಷ್ಟ್ರ ಹಾಗೆ. ಆದರೆ ಈ ಮೇಷ್ಟ್ರಿಗೆ ಏಳು ಬಿಟ್ ಎಣಿಸೋಕೆ ಮಾತ್ರ ಬರುತ್ತೆ. ಸೊನ್ನೆಯಿಂದ 127ರವರೆಗೆ ಕರೆದು ಮತ್ತೆ ಸೊನ್ನೆ. ಝಡ್80 ಬಂದಿದ್ದು 1976ರಲ್ಲಿ. ಆಗಿನ 16ಕೆ ಚಿಪ್‌ಗಳಲ್ಲಿ ಇದ್ದಿದ್ದೇ 128 ಸಾಲು, ಅಷ್ಟು ಸಾಕಾಗಿತ್ತು.

64ಕೆ ಚಿಪ್ ಬಂದಾಗ ಕೆಲವು ಕಂಪನಿಗಳು ಈ ಹಳೇ ಮೇಷ್ಟ್ರನ್ನ ಗಮನದಲ್ಲಿಟ್ಟುಕೊಂಡು, ಒಂದು ಕರೆಗೆ ಎರಡು ಸಾಲು ಒಟ್ಟಿಗೆ ತುಂಬೋ ಹಾಗೆ ಮಾಡಿದವು. ಅವಕ್ಕೆ 128 ಕರೆ ಸಾಕು. ಇನ್ನು ಕೆಲವು, 256 ಸಾಲನ್ನೂ ಬೇರೆ ಬೇರೆಯಾಗಿ ಕರೆಯಬೇಕು ಅಂದವು. ಎರಡರ ಮೇಲೂ ಬರೆದಿರೋದು 4164 ಅಂತಲೇ. ನನ್ನ ಬಿಸ್ಕತ್ ಡಬ್ಬದ ಚಿಪ್ಪಿನ ಡೇಟಾಶೀಟ್ ಈಗ ತೆಗೆದೆ. 256. ಮೊದಲ ಪುಟದಲ್ಲೇ ಇತ್ತು.

ಅಂದ್ರೆ ನನ್ನ ಚಿಪ್‌ಗಳಲ್ಲಿ ಅರ್ಧ ಕ್ಲಾಸಿನ ಹೆಸರನ್ನ ಮೇಷ್ಟ್ರು ಕರೀತಾನೇ ಇರಲಿಲ್ಲ. ಆ ಅರ್ಧದಲ್ಲಿ ಕೆಲವು ಬದುಕಿದ್ದು ಯಾಕೆ ಅಂದ್ರೆ, ಪ್ರೋಗ್ರಾಮ್ ಓಡುವಾಗ ಬೇರೆ ಕೆಲಸಕ್ಕೆ ಅಂತ ಅಕಸ್ಮಾತ್ ಆ ಸಾಲುಗಳನ್ನ ಮುಟ್ಟಿದರೂ ಅವು ತುಂಬಿಕೊಳ್ತವೆ. ಪಾಸ್‌ನಲ್ಲಿ ಸುಮ್ಮನೆ ಕೂತಾಗ ಆ ಮುಟ್ಟೋದೂ ಕಮ್ಮಿ, ಅದಕ್ಕೇ ಆಗ ಜಾಸ್ತಿ ಕೆಡ್ತಿತ್ತು.

ಹೊಸ ಚಿಪ್ ಹುಡುಕೋಣ ಅಂದ್ರೆ ಉಳಿದಿದ್ದು ನಾಲ್ಕು ದಿನ. ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿನಗೆ 64ಕೆನಲ್ಲಿ ಬೇಕಾಗಿರೋದು ಅರ್ಧ ತಾನೇ? ಮೇಷ್ಟ್ರು ಕರೆಯೋ ಅರ್ಧವನ್ನೇ ಯಾಕೆ ಇಟ್ಕೋಬಾರದು?”

ಆಗ ಆ ತಂತಿಯ ಲಿಂಕ್ ನೆನಪಾಯ್ತು. ಎಲ್ಲಿ ಹಾಕಿದ್ರೂ ನಡೆಯುತ್ತೆ ಅಂದಿದ್ದರಲ್ಲ, ಅದು.

ಬೋರ್ಡಿನ ಮೇಲೆ ಆ ಲಿಂಕಿಗೆ ಎರಡು ಚಿಪ್ ಕಂಪನಿಗಳ ಹೆಸರಿನಲ್ಲಿ ಎರಡು ಜಾಗ ಇದೆ. ಒಂದರಲ್ಲಿ ಹಾಕಿದರೆ ಬಳಸದ ಅರ್ಧವನ್ನ ಕಾಲಮ್ಮಿನ ಲೆಕ್ಕದಲ್ಲಿ ಬಿಡುತ್ತೆ, ಅಂದ್ರೆ 256 ಸಾಲೂ ಬಳಕೆಯಲ್ಲಿ ಇರುತ್ತೆ, ಪ್ರತಿ ಸಾಲಿನ ಅರ್ಧ ಭಾಗ ಮಾತ್ರ. ಇನ್ನೊಂದರಲ್ಲಿ ಹಾಕಿದರೆ ಸಾಲಿನ ಲೆಕ್ಕದಲ್ಲಿ ಬಿಡುತ್ತೆ. 128 ಸಾಲು ಪೂರ್ತಿ ಬಳಕೆ, ಉಳಿದ 128 ಇದ್ದೂ ಇಲ್ಲದ ಹಾಗೆ. ನಾನು ಹಾಕಿದ್ದು ಮೊದಲನೇ ಜಾಗದಲ್ಲಿ, ಅಲ್ಲಿ ತೂತು ಅಗಲ ಇತ್ತು, ಬೆಸುಗೆ ಸುಲಭ ಅಂತ. ಬೇರೆ ಥರದ 4164 ಆಗಿದ್ರೆ ನಿಜವಾಗಲೂ ಎಲ್ಲಿ ಹಾಕಿದ್ರೂ ನಡೀತಿತ್ತು. ಇದಕ್ಕೆ ನಡೆಯಲ್ಲ.

ತಂತಿ ಕಿತ್ತು ಪಕ್ಕದ ಜಾಗಕ್ಕೆ ಹಾಕಿದೆ. ಅರ್ಧ ಇಂಚು ತಂತಿ, ಎರಡು ಹನಿ ಬೆಸುಗೆ, ಐದು ನಿಮಿಷ.

ಪರೀಕ್ಷೆ ಓಡಿಸಿದೆ. ತಪ್ಪು ಸೊನ್ನೆ. ನಂಬಿಕೆ ಬರಲಿಲ್ಲ. ಪಾಸ್ ತೆಗೆದು, ಒಂದು ಕೀ ಒತ್ತೋವರೆಗೂ ಕಾಯೋ ಹಾಗೆ ಮಾಡಿ ಮಲಗಿದೆ. ಯುಪಿಎಸ್‌ಗೆ ಸಿಕ್ಕಿಸಿದ್ದೆ, ನಮ್ಮ ಏರಿಯಾದ ಕರೆಂಟ್ ನಂಬಿ ಮಲಗೋಕಾಗಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಕೀ ಒತ್ತಿದೆ. ಮುಟ್ಟಿದರೆ ಮೆಷಿನ್ ಬಿಸಿ ಬಿಸಿ. ಐದಾರು ನಿಮಿಷ ಓದಿ ಕೊನೆಗೆ ತೋರಿಸಿದ್ದು ಅದೇ ಸೊನ್ನೆ.

ಮಾವ ಗುರುವಾರ ಬಂದ್ರು. ಇಳಿದುಹೋಗಿದ್ರು, ಅಂಗಿ ದೊಡ್ಡದಾಗಿ ಕಾಣ್ತಿತ್ತು. ಕಾಫಿ ಕುಡಿದು, ಅಮ್ಮನ ಜೊತೆ ಊರಿನ ಸುದ್ದಿ ಎಲ್ಲ ಮುಗಿಸಿ, ಆಮೇಲೆ ನನ್ನ ರೂಮಿಗೆ ಬಂದು ಕುರ್ಚಿ ಎಳೆದುಕೊಂಡರು. ಮೊದಲು ಮೆಷಿನ್ನನ್ನ ತಿರುಗಿಸಿ ಕೆಳಗಿನ ಸ್ಕ್ರೂಗಳನ್ನ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ್ರು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆನ್ ಮಾಡಿ, ಲೋಡ್ ಮಾಡಿಕೊಟ್ಟೆ. ‘ಕನ್ನಡ’ ಅಂತ ನಾನೇ ಬರೆಸಿ ತೋರಿಸಬೇಕು ಅಂತಿದ್ದೆ, ಅಷ್ಟರಲ್ಲಿ ಅವರೇ ಕೀ ಒತ್ತೋಕೆ ಶುರು ಮಾಡಿದ್ರು. ‘ಕನ್ನಡ’ ಬರಲಿಲ್ಲ, ಅಮ್ಮನ ಹೆಸರು ಬಂತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ “ಇಷ್ಟಕ್ಕೆ ನಲವತ್ತು ವರ್ಷ ಬೇಕಾಯ್ತಾ?” ಅಂದು ಒಳಗೆ ಹೋದ್ರು. ಆಮೇಲೆ ಇನ್ನೂ ಕೆಲವು ಪದ. ನಿಧಾನಕ್ಕೆ, ಒಂದೊಂದೇ ಕೀ. ಊರು. ಮಳೆ. ಹಾಲು. ಕಥೆ.

‘ಕಥೆ’ ಅಂತ ಒತ್ತಿದ್ದಕ್ಕೆ ಟಿವಿಯಲ್ಲಿ ‘ಕದೆ’ ಅಂತ ಬಂತು.

ನನ್ನ ಎದೆ ಧಸಕ್ಕಂತು. ‘ಥೆ’ಯ ಹೊಟ್ಟೆಯೊಳಗಿನ ಚುಕ್ಕೆ ಇಲ್ಲ. ಒಂದು ಬಿಟ್, ಎರಡು ಬಿಟ್, ಎಲ್ಲೋ ಇನ್ನೂ ಸೋರ್ತಿದೆ. “ಮಾವ, ರಾತ್ರಿ ಪೂರ್ತಿ ಟೆಸ್ಟ್ ಮಾಡಿದ್ದೆ, ಸೊನ್ನೆ ಇತ್ತು...” ಅಂತ ತಡವರಿಸ್ತಿದ್ದೆ. ಅವರು ಕೈ ಎತ್ತಿ ಸುಮ್ಮನಿರಿಸಿ ಗ್ರಾಫ್ ಪುಸ್ತಕ ತೆಗೆದರು. ‘ಥ’ದ ಪುಟ. ಥ, ಥಾ, ಥಿ, ಥೀ, ಥು, ಥೂ, ಎಲ್ಲದರಲ್ಲೂ ಚುಕ್ಕೆ ಇದೆ. ‘ಥೆ’ಯಲ್ಲಿ ಪೆನ್ಸಿಲ್ ಮುಟ್ಟೇ ಇಲ್ಲ.

“ಇದು ನಿನ್ನ ಚಿಪ್ಪಲ್ಲ,” ಅಂದ್ರು. “ಆವತ್ತು ಯಾರೋ ಮನೆಗೆ ಬಂದಿರಬೇಕು, ಎದ್ದು ಹೋಗಿದ್ದೀನಿ.”

ಜೇಬಿನಿಂದ ಪೆನ್ ತೆಗೆದು ಆ ಮನೆಯಲ್ಲಿ ಎರಡು ಚುಕ್ಕೆ ಹಾಕಿದ್ರು. ನಡುಮಧ್ಯದ ಎರಡು ಚೌಕ, ಎಡಗಡೆ ಬೈಟಿನ ಕೊನೇದು, ಬಲಗಡೆ ಬೈಟಿನ ಮೊದಲನೇದು. ನಾನು ಲ್ಯಾಪ್‌ಟಾಪ್ ತೆರೆಯೋ ಅಷ್ಟರಲ್ಲಿ ಅವರು ಬಾಯಲ್ಲೇ ಲೆಕ್ಕ ಹಾಕಿ ಮುಗಿಸಿದ್ರು. “ಎಡಕ್ಕೆ 1, ಬಲಕ್ಕೆ 128. ವಿಳಾಸ ಹೇಳು. ಪೋಕ್ ಅಂದ್ರೆ ಓ ಕೀ ಅಲ್ವೇನೋ?”